ಮೋನಪ್ಪಣ್ಣನ ಮೀಟರ್

ಮೊದಲು ಬ್ಯಾಟರಿಯ ಮೈನಸ್ ತಪ್ಪಿಸಬೇಕು, ಹತ್ತನೇ ನಂಬರ್ ಸ್ಪ್ಯಾನರ್.
ಆಮೇಲೆ ಒಂದು ಚಾ ಕುಡಿಯುವಷ್ಟು ಹೊತ್ತು ಸುಮ್ಮನಿರಬೇಕು,
ತಂತಿಗಳೊಳಗೆ ಉಳಿದದ್ದು ಇಳಿಯಲಿ ಅಂತ.
ಇದನ್ನು ನನಗೆ ಕಲಿಸಿದ್ದು ಬೋಟುಗಳ ವಯರ್‌ಲೆಸ್ ಸೆಟ್ಟು.

ಮೋನಪ್ಪಣ್ಣನ ಕಾರು ನಾಲ್ಕು ದಿನದಿಂದ
ತೋಟ ಬೆಂಗ್ರೆಯ ನಮ್ಮ ಅಂಗಳದ ಹೊಯಿಗೆಯಲ್ಲಿ ನಿಂತಿದೆ.
ಕೀಲಿ ತಿರುಗಿಸಿದರೆ ಕೆಮ್ಮುತ್ತದೆ, ಒಂದು, ಎರಡು,
ಮೂರು ಎನ್ನುವುದರೊಳಗೆ ಆರುತ್ತದೆ.
ಮುಳ್ಳುಗಳೆಲ್ಲ ಬಿದ್ದಲ್ಲೇ ಬಿದ್ದಿವೆ.
ಕೆಂಪು ಕೀಲಿಯ ಚಿತ್ರವೊಂದು ಮಾತ್ರ ಮಿಣುಕುತ್ತದೆ:
ನೀನು ಯಾರು? ನೀನು ಯಾರು?

"ಹನ್ನೊಂದು ವರ್ಷ ನಾನೇ ಅಲ್ವಾ ಮಾರಾಯ ಓಡಿಸಿದ್ದು!"
ಅವರು ಸ್ಟಿಯರಿಂಗಿಗೆ ಬೈದದ್ದು
ಅಳಿವೆಬಾಗಿಲಿನ ದೋಣಿಗಳಿಗೂ ಕೇಳಿಸಿರಬೇಕು.
ಕಳ್ಳರನ್ನು ತಡೆಯಲು ಇಟ್ಟ ಬೀಗವಂತೆ.
ಇದುವರೆಗೆ ಅದು ಹಿಡಿದ ಕಳ್ಳ ಇವರೊಬ್ಬರೇ.

ಕುಂಟಿಕಾನದ ಶೋರೂಮಿನವರು ಫೋನಿನಲ್ಲೇ ರೋಗ ಹೇಳಿದರು:
ಇಡೀ ಮೀಟರ್ ಹೊಸದು, ಎರಡು ಕೀಲಿ ಹೊಸದು,
ನಲವತ್ತೊಂದು ಸಾವಿರ, ಎಳೆದೊಯ್ಯುವ ಗಾಡಿಗೆ ಬೇರೆ.
ಕೊಳ್ಳಲು ಬಂದ ಸುರತ್ಕಲ್ಲಿನವ
ಇಡೀ ಕಾರಿಗೆ ಹೇಳಿದ್ದು ತೊಂಬತ್ತು.

ಅಡುಗೆಮನೆಯ ಮೇಜಿನ ಮೇಲಿದ್ದ ಬಂಗುಡೆಯ ಪಾತ್ರೆ ಸರಿಸಿ
ಮೀಟರನ್ನು ಬೋರಲು ಮಲಗಿಸಿದೆ.
ಬೆನ್ನು ಬಿಚ್ಚಿದಾಗ, ಓ, ಇದು ನನಗೆ ಪರಿಚಯದ್ದೇ.
ಹಸಿರು ಕಿಲುಬು.
ಮೀನು ತೋರಿಸುವ ಯಂತ್ರದ ಹೊಟ್ಟೆಯಲ್ಲೂ ಇದೇ ಇರುತ್ತದೆ,
ಉಪ್ಪುಗಾಳಿಗೆ ಕಾರು ಬೇರೆ ಬೋಟು ಬೇರೆ ಎಂದಿಲ್ಲ.

ಹಳೆಯ ಟೂತ್‌ಬ್ರಶ್ಶು, ಸ್ಪಿರಿಟ್, ತಾಳ್ಮೆ.
ಭೂತಗನ್ನಡಿಯ ಕೆಳಗೆ ಒಂದು ಬೆಸುಗೆ,
ಅದರ ಸುತ್ತ ಕೂದಲೆಳೆಯ ಬಿರುಕು, ಉಂಗುರದ ಹಾಗೆ.
ಕೀಲಿಯ ಮಾತು ಒಳಗೆ ಬರುವ ದಾರಿ ಅದು.
ಕೀಲಿ ಉತ್ತರ ಕೊಡುತ್ತಲೇ ಇತ್ತು, ಪಾಪ.
ಕೇಳುವವರ ಕಿವಿ ಹೋಗಿತ್ತು.

ಪಕ್ಕದಲ್ಲೊಂದು ಕೆಪಾಸಿಟರ್ ಉಬ್ಬಿ ಕೂತಿತ್ತು.
ಫೆರಿಯಲ್ಲಿ ದಾಟಿ ಬಂದರು, ಅಲ್ಲಿಂದ ನೆಲ್ಲಿಕಾಯಿ ರಸ್ತೆ.
ನೂರು ಮೈಕ್ರೊ, ಇಪ್ಪತ್ತೈದು ವೋಲ್ಟ್, ಎಂದೆ.
ಅಂಗಡಿಯವ ನನ್ನ ಹೆಗಲಿನಾಚೆ ಯಾರನ್ನೋ ಹುಡುಕಿ,
"ಮೆಕ್ಯಾನಿಕ್ ಎಲ್ಲಿ ಅಕ್ಕ? ಅವರಿಗೇ ಫೋನ್ ಕೊಡಿ" ಎಂದ.
ಒಂದಕ್ಕೆ ಆರು ರೂಪಾಯಿ. ಎರಡು ಕೊಂಡೆ.
ಫೆರಿಯ ಟಿಕೇಟೇ ಹೆಚ್ಚಾಯಿತು.

ಕಾವಿನ ಮೊನೆ ತಾಗಿದ್ದೇ ಸೀಸ ಹೊಳೆದು ಕರಗಿತು,
ರಾಳದ ಹೊಗೆ, ಒಲೆಯ ಮೇಲೆ ಪುಳಿಮುಂಚಿಯ ಘಾಟು,
ಯಾವುದಕ್ಕೆ ಕಣ್ಣು ಒರೆಸಿಕೊಂಡೆನೋ.
ಮಲ್ಟಿಮೀಟರ್ ಕೀಂ ಅಂತು.
ಅಷ್ಟರಲ್ಲಿ ಬಾಗಿಲಲ್ಲಿ ಮೋನಪ್ಪಣ್ಣ, ಸ್ವರ ತಗ್ಗಿಸಿ:
"ಯಶೂ, ಹೇಗೂ ಬಿಚ್ಚಿದ್ದೀಯಲ್ಲ.
ಆ ಒಂದು ಲಕ್ಷ ತೊಂಬತ್ತಮೂರನ್ನು
ಒಂದು ಎಂಬತ್ತು ಸಾವಿರ ಮಾಡ್ಲಿಕ್ಕೆ ಆಗ್ತದಾ?"

ಆಗ್ತದೆ.
ಎಂಟು ಕಾಲಿನ ಚಿಪ್ಪು, ಅಕ್ಕಿಕಾಳಿಗಿಂತ ತುಸು ಅಗಲ,
ನನ್ನಲ್ಲಿ ಅದರ ಬೆನ್ನು ಹಿಡಿಯುವ ಕ್ಲಿಪ್ ಉಂಟು,
ಹತ್ತು ನಿಮಿಷದ ಕೆಲಸ.
ಆದರೆ ಆ ಲೆಕ್ಕದಲ್ಲಿ ಹತ್ತೊಂಬತ್ತು ಕಿಲೋಮೀಟರ್ ನನ್ನದು.
ನಡುರಾತ್ರಿ, ಫೆರಿ ಇಲ್ಲ, ನೀರು ಒಡೆದಿದೆ,
ತಣ್ಣೀರುಬಾವಿ ಸುತ್ತಿ ಕೂಳೂರು ಸಂಕ ಹತ್ತಿ
ಲೇಡಿಗೋಷನ್ನಿನ ಗೇಟಿನವರೆಗೆ
ಈ ಮುಳ್ಳು ಎಂಬತ್ತರಿಂದ ಕೆಳಗಿಳಿದಿರಲಿಲ್ಲ.
ಹಿಂದಿನ ಸೀಟಿನಿಂದ ಅದನ್ನೇ ನೋಡುತ್ತಿದ್ದೆ,
ನೋಡಲಿಕ್ಕೆ ಬೇರೆ ಬೆಳಕು ಇರಲಿಲ್ಲ.

"ಆಗುವುದಿಲ್ಲ ಮೋನಪ್ಪಣ್ಣ, ಮುಟ್ಟಿದರೆ ಚಿಪ್ಪು ಸುಟ್ಟುಹೋಗ್ತದೆ."
ಸುಳ್ಳು ಹೇಳಿದೆ, ಕಣ್ಣು ಎತ್ತದೆ.
ಅವರು ತಲೆಯಾಡಿಸಿ ಒಂದು ಲೋಟ ನೀರು ಕೇಳಿದರು.

ಸಂಜೆ ಕೀಲಿ ತಿರುಗಿಸಿದಾಗ
ಮುಳ್ಳುಗಳೆಲ್ಲ ತುದಿಯವರೆಗೆ ಎದ್ದು, ನಮಸ್ಕಾರ ಹೊಡೆದು ಕೂತವು.
ಕೆಂಪು ದೀಪ ಮೂರು ಸೆಕೆಂಡು ಯೋಚಿಸಿ ಆರಿತು.
ಎಂಜಿನ್ ನಿಂತಿತು ಎಂದರೆ ನಿಲ್ಲಲಿಲ್ಲ,
ಹಾಗೆಯೇ ಗುಣುಗುಣು ಎನ್ನುತ್ತ ಇತ್ತು.
ಮಕ್ಕಳು ಹಿಂದಿನಿಂದ ದೂಡಲು ಬಂದವರು ನಿರಾಸೆಗೊಂಡರು.

ಮೇಜಿನ ಮೇಲೆ ಒಂದು ಸ್ಕ್ರೂ ಉಳಿದಿದೆ, ಎಲ್ಲಿಯದೋ.
ಬಾಗಿಲು ತೆರೆದಿದೆ ಎನ್ನುವ ದೀಪ ಇನ್ನೂ ಉರಿಯುತ್ತಿದೆ,
ನಾಲ್ಕೂ ಬಾಗಿಲು ಮುಚ್ಚಿಯೇ ಇವೆ.
ಅದು ನಾಳೆ.